ಆದೇಶದ ಕಡತದಿಂದ ಅರ್ಜಿಯ ನಮೂನೆಯವರೆಗೆ: ಲೋ-ಕೋಡ್ ಸಾಧನಗಳ ಬಳಕೆ ಮತ್ತು ಮಿತಿ

ಸರ್ಕಾರಿ ಸೇವೆಗಳಿಗೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ಎದುರಾಗುವ ತೊಡಕುಗಳಲ್ಲಿ ಒಂದು ಹೀಗಿದೆ. ಯಾವುದೋ ಒಂದು ದಾಖಲೆಯನ್ನು ಇನ್ನು ಮುಂದೆ ಲಗತ್ತಿಸಬೇಕಾಗಿಲ್ಲವೆಂದು ಆದೇಶ ಹೊರಡುತ್ತದೆ, ಪತ್ರಿಕೆಗಳಲ್ಲಿಯೂ ಪ್ರಕಟವಾಗುತ್ತದೆ. ಆದರೆ ಗಣಕದ ಪರದೆಯ ಮೇಲಿನ ನಮೂನೆಯು ಆ ಬಳಿಕವೂ ಅದೇ ದಾಖಲೆಯನ್ನು ಕೇಳುತ್ತಲೇ ಇರುತ್ತದೆ. ಅದನ್ನು ಲಗತ್ತಿಸದವರನ್ನು ಮುಂದಿನ ಪುಟಕ್ಕೆ ಹೋಗಗೊಡುವುದಿಲ್ಲ. ಆದೇಶ ಹೊರಡಿಸುವ ಶಾಖೆಗೂ ತಂತ್ರಾಂಶವನ್ನು ನಿರ್ವಹಿಸುವ ತಂಡಕ್ಕೂ ನಡುವೆ ಇರುವ ಅಂತರವು ಇದಕ್ಕೆ ಒಂದು ಮುಖ್ಯ ಕಾರಣ. ಈ ಅಂತರವನ್ನು ತಗ್ಗಿಸಲು ‘ಲೋ-ಕೋಡ್’ ಎಂದು ಕರೆಯಲಾಗುವ ಸಾಧನಗಳು ಇಂದು ಲಭ್ಯವಿವೆ. ಅವುಗಳಿಂದ ಆಗುವುದೇನು, ಆಗದಿರುವುದೇನು ಎಂಬುದನ್ನು ಅರ್ಜಿದಾರರ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ.

ವಿಳಂಬದ ಪರಿಣಾಮ

ಕರ್ನಾಟಕದ ಅರ್ಜಿದಾರರಿಗೆ ಈ ವಿಳಂಬವು ಸಣ್ಣ ಸಂಗತಿಯಲ್ಲ. 2012ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲ ಸೇವೆಗಳ ಅಧಿನಿಯಮದನ್ವಯ, ಅಧಿಸೂಚಿತ ಸೇವೆಯನ್ನು ನಿಗದಿತ ಅವಧಿಯೊಳಗೆ ಒದಗಿಸತಕ್ಕದ್ದು. ತಪ್ಪಿದಲ್ಲಿ ದಿನವೊಂದಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚ ಕೋರಲು ಅವಕಾಶವಿದೆ. ಆದರೆ ಅವಧಿಯ ಗಣನೆ ಆರಂಭವಾಗುವುದು ಅರ್ಜಿ ಸ್ವೀಕೃತವಾದ ನಂತರ. ಹಳೆಯ ನಮೂನೆಯು ಬಾಗಿಲಲ್ಲಿಯೇ ತಡೆದ ವ್ಯಕ್ತಿಗೆ ಸ್ವೀಕೃತಿ ಸಂಖ್ಯೆ ದೊರೆಯುವುದಿಲ್ಲ. ಸಂಖ್ಯೆಯಿಲ್ಲದ ಮೇಲೆ ದಿನಗಳನ್ನು ಎಣಿಸುವಂತಿಲ್ಲ. ಮೇಲ್ಮನವಿಯಲ್ಲಿ ಉಲ್ಲೇಖಿಸಲು ಅರ್ಜಿಯೇ ಇರುವುದಿಲ್ಲ. ಕಾಲಮಿತಿಯೊಳಗೆ ವಿಲೇವಾರಿಯಾದ ಅರ್ಜಿಗಳ ಅಂಕಿಅಂಶ ಎಷ್ಟೇ ಉತ್ತಮವಾಗಿದ್ದರೂ ಇಂತಹವರ ಅಲೆದಾಟ ಅದರಲ್ಲಿ ಕಾಣಿಸದು.

ಎರಡು ಭಂಡಾರಗಳು

ಆದೇಶ, ಸುತ್ತೋಲೆ, ನಮೂನೆಗಳನ್ನು ಕಚೇರಿಗಳು ದಾಖಲೆ ಹಂಚಿಕೆಯ ವ್ಯವಸ್ಥೆಯೊಂದರಲ್ಲಿ ಇರಿಸುತ್ತವೆ; ಮೈಕ್ರೋಸಾಫ್ಟ್ ಸಂಸ್ಥೆಯ ಶೇರ್‌ಪಾಯಿಂಟ್ ಇದಕ್ಕೆ ಉದಾಹರಣೆ. ತಂತ್ರಾಂಶದ ಮೂಲ ಸಂಕೇತವು ಬೇರೊಂದು ಭಂಡಾರದಲ್ಲಿರುತ್ತದೆ. ಇವುಗಳಲ್ಲಿ ಹೆಸರಾಂತದ್ದು 2008ರಲ್ಲಿ ಆರಂಭವಾದ, 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿದ ಗಿಟ್‌ಹಬ್. ಸರ್ಕಾರಿ ತಂತ್ರಾಂಶಗಳ ಮೂಲ ಸಂಕೇತವನ್ನು ಮುಕ್ತಗೊಳಿಸುವ ಕುರಿತು ಭಾರತ ಸರ್ಕಾರವು 2015ರಲ್ಲಿ ನೀತಿಯನ್ನು ರೂಪಿಸಿ, ತರುವಾಯ ಓಪನ್‌ಫೋರ್ಜ್ ಎಂಬ ತನ್ನದೇ ವೇದಿಕೆಯನ್ನು ತೆರೆಯಿತು. 2020ರ ಮೇ ತಿಂಗಳಿನಲ್ಲಿ ಆರೋಗ್ಯ ಸೇತು ಆ್ಯಪ್‌ನ ಆಂಡ್ರಾಯ್ಡ್ ಆವೃತ್ತಿಯ ಸಂಕೇತವನ್ನು ಗಿಟ್‌ಹಬ್‌ನಲ್ಲಿಯೇ ಪ್ರಕಟಿಸಲಾಯಿತು.

ಒಂದು ಭಂಡಾರದಲ್ಲಿ ಆದ ಬದಲಾವಣೆ ಮತ್ತೊಂದಕ್ಕೆ ತಾನಾಗಿಯೇ ತಿಳಿಯದು. ಪತ್ರ, ಇ-ಮೇಲ್ ಅಥವಾ ದೂರವಾಣಿಯ ಮೂಲಕ ಯಾರಾದರೊಬ್ಬರು ತಿಳಿಸಬೇಕು. ಅವರು ರಜೆಯಲ್ಲಿದ್ದರೆ ಸುತ್ತೋಲೆಯೂ ರಜೆಯಲ್ಲಿದ್ದಂತೆಯೇ ಸರಿ.

ಸಾಧನದ ಕಾರ್ಯವಿಧಾನ

ಈ ಎರಡನ್ನೂ ಜೋಡಿಸುವ ಸಾಧನಗಳಲ್ಲಿ ಪವರ್ ಆಟೊಮೇಟ್ ಒಂದು. 2016ರಲ್ಲಿ ಮೈಕ್ರೋಸಾಫ್ಟ್ ಫ್ಲೋ ಎಂಬ ಹೆಸರಿನಿಂದ ಆರಂಭವಾದ ಇದು 2019ರಲ್ಲಿ ಈಗಿನ ಹೆಸರನ್ನು ಪಡೆಯಿತು. ಇದರಲ್ಲಿ ಕ್ರಮವಿಧಿಯನ್ನು ಸಾಲು ಸಾಲಾಗಿ ಬರೆಯುವ ಬದಲು, ‘ಇಂತಹುದು ಘಟಿಸಿದಾಗ ಇಂತಹುದನ್ನು ಮಾಡು’ ಎಂಬ ಪೆಟ್ಟಿಗೆಗಳನ್ನು ಪರದೆಯ ಮೇಲೆ ಒಂದರ ಕೆಳಗೊಂದು ಜೋಡಿಸಲಾಗುತ್ತದೆ. ಸುತ್ತೋಲೆಯು ಶೇರ್‌ಪಾಯಿಂಟ್‌ನ ಪಟ್ಟಿಗೆ ಸೇರಿದೊಡನೆ, ಅದರ ಸಂಖ್ಯೆ, ದಿನಾಂಕ ಮತ್ತು ಸಂಬಂಧಿತ ಸೇವೆಯ ಹೆಸರುಳ್ಳ ಕೆಲಸದ ಚೀಟಿಯೊಂದು ಗಿಟ್‌ಹಬ್‌ನಲ್ಲಿ ತೆರೆದುಕೊಳ್ಳುವಂತೆ ಮಾಡಬಹುದು. ಈ ಚೀಟಿಗೆ ಅಲ್ಲಿ ‘ಇಶ್ಯೂ’ ಎನ್ನುತ್ತಾರೆ. ಇಷ್ಟನ್ನು ಏರ್ಪಡಿಸಲು ಕಚೇರಿಯ ಸಿಬ್ಬಂದಿಗೆ ಸಂಕೇತ ಬರವಣಿಗೆಯ ಹೆಚ್ಚಿನ ಪರಿಣತಿ ಬೇಕಿಲ್ಲ.

ಕಷ್ಟವಿರುವುದು ವಿವರಗಳಲ್ಲಿ. ಕರಡು ಸುತ್ತೋಲೆಯನ್ನು ಹತ್ತು ಬಾರಿ ತಿದ್ದಿ ಉಳಿಸಿದರೆ, ಎಚ್ಚರವಹಿಸದ ಏರ್ಪಾಡು ಹತ್ತು ಚೀಟಿಗಳನ್ನು ತೆರೆಯುತ್ತದೆ. ಮರುವಾರದಿಂದ ತಂತ್ರಾಂಶ ತಂಡದಲ್ಲಿ ಅವನ್ನು ಓದುವವರಿರುವುದಿಲ್ಲ. ಆದುದರಿಂದ ಕರಡಿಗೂ ಅನುಮೋದಿತ ಪ್ರತಿಗೂ ಶೇರ್‌ಪಾಯಿಂಟ್ ಕಲ್ಪಿಸುವ ಆವೃತ್ತಿ ಭೇದವನ್ನು ಬಳಸಿಕೊಂಡು, ಸಕ್ಷಮ ಅಧಿಕಾರಿಯ ಅನುಮೋದನೆಯ ನಂತರವಷ್ಟೇ ಚೀಟಿ ಹೊರಡುವಂತೆ ಷರತ್ತು ವಿಧಿಸತಕ್ಕದ್ದು. ಅದಕ್ಕಿಂತ ಮುಖ್ಯವಾದುದು ಮರುಮಾಹಿತಿ. ಚೀಟಿ ಮುಕ್ತಾಯವಾದ ಸುದ್ದಿ ಹಿಂದಿರುಗಿ ಬಂದು ಸುತ್ತೋಲೆಯ ಎದುರಿಗೆ ದಾಖಲಾಗದಿದ್ದಲ್ಲಿ, ಆದೇಶ ಹೊರಡಿಸಿದ ಅಧಿಕಾರಿಗೆ ಅದರ ಗತಿ ತಿಳಿಯುವುದಿಲ್ಲ. ಇಲ್ಲಿಯೂ ಒಂದು ಮೋಸಹೋಗುವ ಸಂಭವವಿದೆ: ತಿದ್ದಿದ ಸಂಕೇತವು ಮುಖ್ಯ ಶಾಖೆಗೆ ಸೇರ್ಪಡೆಯಾದ ಕೂಡಲೇ ಚೀಟಿ ತಾನಾಗಿ ಮುಚ್ಚಿಕೊಳ್ಳುವಂತೆ ಗಿಟ್‌ಹಬ್‌ನಲ್ಲಿ ಏರ್ಪಡಿಸಲು ಸಾಧ್ಯವಿದೆ. ಆದರೆ ಸೇರ್ಪಡೆಯಾದ ಸಂಕೇತವು ಸಾರ್ವಜನಿಕರು ಬಳಸುವ ಜಾಲತಾಣಕ್ಕೆ ಏರಿದೆಯೆಂದು ಇದರರ್ಥವಲ್ಲ. ‘ಜಾರಿಯಾಗಿದೆ’ ಎಂಬ ಷರಾವನ್ನು ನಮೂನೆ ವಾಸ್ತವವಾಗಿ ಬದಲಾದ ಮೇಲೆಯೇ ಬರೆಯುವುದು ಕ್ರಮಬದ್ಧ.

ಅರ್ಥ ನಿರ್ಣಯದ ಕಾರ್ಯವನ್ನು ಈ ಸಾಧನಗಳಿಗೆ ವಹಿಸಲಾಗದು. ‘ಸೂಕ್ತ ಪ್ರಕರಣಗಳಲ್ಲಿ ವಿನಾಯಿತಿ ನೀಡಬಹುದು’ ಎಂದು ಆದೇಶದಲ್ಲಿದ್ದರೆ, ಯಾವ ಪ್ರಕರಣ ಸೂಕ್ತವೆಂಬುದನ್ನು ಶಾಖೆಯವರು ಸ್ಪಷ್ಟಪಡಿಸುವವರೆಗೆ ನಮೂನೆಯಲ್ಲಿ ಏನನ್ನು ಬದಲಿಸಬೇಕೆಂದು ತಂತ್ರಾಂಶ ತಂಡಕ್ಕೆ ತಿಳಿಯದು. ಚೀಟಿ ಐದು ನಿಮಿಷದಲ್ಲಿ ತಲುಪಿದರೂ ಉತ್ತರಕ್ಕಾಗಿ ವಾರಗಟ್ಟಲೆ ಕಾಯಬೇಕಾಗಬಹುದು.

ಅರ್ಜಿದಾರರ ದಾಖಲೆಗಳ ಸುರಕ್ಷತೆ

ಸುತ್ತೋಲೆಗಳಿರುವ ವ್ಯವಸ್ಥೆಯಲ್ಲಿಯೇ ಅರ್ಜಿದಾರರ ಜಾತಿ, ಆದಾಯ ಪ್ರಮಾಣಪತ್ರಗಳೂ ಇರಬಹುದು. ಏರ್ಪಾಡಿನಲ್ಲಿ ಕಡತಕೋಶದ ಹೆಸರನ್ನು ತಪ್ಪಾಗಿ ಆಯ್ದರೆ ಸುತ್ತೋಲೆಯ ಬದಲು ಅವು ಸಂಕೇತ ಭಂಡಾರ ಸೇರಿಯಾವು. ಆ ಭಂಡಾರ ಸಾರ್ವಜನಿಕವಾಗಿದ್ದರೆ ಯಾರು ಬೇಕಾದರೂ ನೋಡಬಹುದು. ಕಡತವನ್ನು ನಂತರ ಅಳಿಸಿದರೂ ಹಿಂದಿನ ಆವೃತ್ತಿಗಳಲ್ಲಿ ಅದು ಉಳಿದಿರುತ್ತದೆ. ಇದು ಅತಿಯಾದ ಭೀತಿಯಲ್ಲ. 2021ರ ಆಗಸ್ಟ್‌ನಲ್ಲಿ ಅಪ್‌ಗಾರ್ಡ್ ಎಂಬ ಭದ್ರತಾ ಸಂಸ್ಥೆಯು ಪ್ರಕಟಿಸಿದಂತೆ, ಇದೇ ಬಳಗದ ಪವರ್ ಆ್ಯಪ್ಸ್ ಸಾಧನದಿಂದ ರಚಿಸಿದ ಜಾಲತಾಣಗಳಲ್ಲಿ ಅನುಮತಿಯ ಆಯ್ಕೆಯನ್ನು ಸರಿಯಾಗಿ ಹೊಂದಿಸದ ಕಾರಣ 47 ಸಂಸ್ಥೆಗಳ 3.8 ಕೋಟಿ ದಾಖಲೆಗಳು ಬಹಿರಂಗವಾಗಿದ್ದವು. ಅಮೆರಿಕದ ಕೆಲವು ರಾಜ್ಯಗಳ ಸರ್ಕಾರಿ ಸಂಸ್ಥೆಗಳೂ ಅವುಗಳಲ್ಲಿದ್ದವು. ಯಾರೂ ಬೀಗ ಮುರಿಯಲಿಲ್ಲ. ಬೀಗ ಹಾಕಿರಲೇ ಇಲ್ಲ. ಆ ಬಳಿಕ ಮೈಕ್ರೋಸಾಫ್ಟ್ ಸದರಿ ಆಯ್ಕೆಯನ್ನು ಹೊಸ ಜಾಲತಾಣಗಳಿಗೆ ಆರಂಭದಿಂದಲೇ ಬಿಗಿಗೊಳಿಸಿತು.

ಭಂಡಾರವು ಖಾಸಗಿಯಾಗಿದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಊಬರ್ ಸಂಸ್ಥೆಯ ತಂತ್ರಜ್ಞರು ಬಳಸುತ್ತಿದ್ದ ಗಿಟ್‌ಹಬ್‌ನ ಖಾಸಗಿ ಭಂಡಾರದೊಳಕ್ಕೆ 2016ರಲ್ಲಿ ನುಸುಳಿದವರಿಗೆ ಅಲ್ಲಿ ಕೀಲಿಪದಗಳು ದೊರೆತು, 5.7 ಕೋಟಿ ಜನರ ಮಾಹಿತಿ ಕಳವಾಯಿತು. ಸಂಸ್ಥೆ ಅದನ್ನು ಪ್ರಕಟಿಸಿದ್ದು 2017ರ ನವೆಂಬರ್‌ನಲ್ಲಿ.

ಯಾವ ಎರಡು ವ್ಯವಸ್ಥೆಗಳ ನಡುವೆ ದತ್ತಾಂಶ ಹರಿಯಬಾರದೆಂದು ನಿರ್ಬಂಧಿಸುವ ನಿಯಮಾವಳಿಯನ್ನು ಪವರ್ ಆಟೊಮೇಟ್‌ನಲ್ಲಿ ಆಡಳಿತಾಧಿಕಾರಿಯು ರೂಪಿಸಬಹುದು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಸುರಕ್ಷತಾ ಕ್ರಮಗಳ ವೈಫಲ್ಯಕ್ಕೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ನಿಗದಿಪಡಿಸಿದೆ. ಕೆಲಸದ ಚೀಟಿಗೆ ಸುತ್ತೋಲೆಯ ಸಂಖ್ಯೆ ಮತ್ತು ಕೊಂಡಿ ಸಾಕು. ಅರ್ಜಿದಾರರ ಹೆಸರಾಗಲಿ ಲಗತ್ತುಗಳಾಗಲಿ ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲ.

ಮತ್ತೊಂದು ವಿಷಯ ವರ್ಗಾವಣೆಗೆ ಸಂಬಂಧಿಸಿದ್ದು. ಇಂತಹ ಏರ್ಪಾಡು ಸಾಮಾನ್ಯವಾಗಿ ಅದನ್ನು ರಚಿಸಿದ ನೌಕರರ ಖಾತೆಗೆ ಬೆಸೆದುಕೊಂಡಿರುತ್ತದೆ. ಅವರ ಖಾತೆ ಮುಚ್ಚಿದಾಗ ಸಂಪರ್ಕ ಕಡಿದು, ಸುತ್ತೋಲೆಗಳು ಮತ್ತೆ ಹಳೆಯ ಸ್ಥಿತಿಯಲ್ಲಿಯೇ ಉಳಿಯುತ್ತವೆ. ಪ್ರತಿ ಓಟದ ವಿವರವು ಸಾಧನದಲ್ಲಿ 28 ದಿನಗಳವರೆಗೆ ಮಾತ್ರ ಲಭ್ಯವಿರುವುದರಿಂದ, ತಡವಾಗಿ ಗಮನಿಸಿದವರಿಗೆ ಕಾರಣವೂ ಸಿಗದು. ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಕಡತಗಳೊಂದಿಗೆ ಇವುಗಳನ್ನೂ ಸೇರಿಸತಕ್ಕದ್ದು.

ಅರ್ಜಿದಾರರ ಗಮನಕ್ಕೆ

ಆದೇಶಕ್ಕೆ ವಿರುದ್ಧವಾಗಿ ನಮೂನೆಯು ದಾಖಲೆ ಕೇಳಿದಲ್ಲಿ, ಆ ಪರದೆಯ ಚಿತ್ರವನ್ನು ದಿನಾಂಕ ಸಹಿತ ಉಳಿಸಿಕೊಳ್ಳುವುದು ಸೂಕ್ತ. ಆದೇಶದ ಸಂಖ್ಯೆಯನ್ನು ನಮೂದಿಸಿ ಸಂಬಂಧಿತ ಕಚೇರಿಗೆ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿ ಪಡೆಯಬಹುದು. ‘ಜಾಲತಾಣ ಕೆಲಸ ಮಾಡುತ್ತಿಲ್ಲ’ ಎಂಬ ದೂರಿಗೆ ಹೊಂದುವ ಸುತ್ತೋಲೆಯನ್ನು ಹುಡುಕುವುದು ಕಷ್ಟ. ಸಂಖ್ಯೆಯಿದ್ದಲ್ಲಿ ಅದು ಚೀಟಿಯಾಗಿ ಹೊರಟಿದೆಯೇ, ಎಲ್ಲಿ ನಿಂತಿದೆ ಎಂಬುದನ್ನು ಸಿಬ್ಬಂದಿಯು ಕೂಡಲೇ ಪರಿಶೀಲಿಸಬಹುದಾಗಿದೆ.