ಆ ಖಾಲಿ ತಟ್ಟೆ ಬರೆದಾಕೆ

ಏನ್ರೀ, ಮಧ್ಯಾಹ್ನದ ಕೆಲಸವೆಲ್ಲ ಮುಗೀತೇ? ಹಾಗಿದ್ದರೆ ಐದು ನಿಮಿಷ ಕುಳಿತುಕೊಳ್ಳಿ. ಈ ಸಲ ಅಡುಗೆ ಮಾತು ಬಿಟ್ಟು ಸಿನಿಮಾ ಮಾತು.

ಮೊನ್ನೆ ಅಕ್ಕನ ಮಗ ಬಂದವನು ತನ್ನ ಫೋನಿನಲ್ಲಿ 1931ರ ಒಂದು ಜರ್ಮನ್ ಚಿತ್ರ ಹಾಕಿಕೊಟ್ಟ. ಹೆಸರು 'ಎಂ', ಒಂದೇ ಅಕ್ಷರ. ಭಾಷೆ ಬಾರದ ನನಗೆ ಏನು ತಿಳಿದೀತು ಅಂದುಕೊಂಡೇ ನೋಡಿದೆ. ಒಬ್ಬ ತಾಯಿ ಬಟ್ಟೆ ಒಗೆಯುತ್ತಿದ್ದಾಳೆ. ಗಡಿಯಾರ ಹನ್ನೆರಡು ಹೊಡೆಯುತ್ತದೆ. ಮಗಳು ಶಾಲೆಯಿಂದ ಬರುವ ಹೊತ್ತು. ಕೈ ಒರೆಸಿಕೊಂಡು ಮೇಜಿನ ಮೇಲೆ ತಟ್ಟೆ ಇಡುತ್ತಾಳೆ, ಪಾತ್ರೆಯಲ್ಲಿ ಕೈಯಾಡಿಸುತ್ತಾಳೆ. ಮೆಟ್ಟಿಲ ಮೇಲೆ ಸಪ್ಪಳವಾಯಿತೆಂದು ಬಾಗಿಲಿಗೆ ಬಂದರೆ ಬೇರೆ ಮಕ್ಕಳು. ಗಂಟೆ ಒಂದು ದಾಟುತ್ತದೆ. "ಎಲ್ಸಿ! ಎಲ್ಸಿ!" ಎಂದು ಕೂಗುತ್ತಾಳೆ. ಯಾರೂ ಇಲ್ಲದ ಮೆಟ್ಟಿಲು, ಒಣಹಾಕಿದ ಬಟ್ಟೆ, ಖಾಲಿ ತಟ್ಟೆ. ಎಲ್ಲೋ ಉರುಳಿ ಬಂದು ನಿಂತ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು. ಅಷ್ಟೇ! ಕೊಲೆಯನ್ನು ತೋರಿಸುವುದೇ ಇಲ್ಲ. ನನಗೆ ಮಾತ್ರ ಮೈ ನಡುಗಿತು. ಬಸ್ಸು ತಪ್ಪಿ ಮಕ್ಕಳು ಅರ್ಧ ಗಂಟೆ ತಡವಾದರೆ ನಾವು ಪಡುವ ಪಾಡೂ ಅದೇ ಅಲ್ಲವೇ?

"ಇದನ್ನು ಹೆಂಗಸೇ ಬರೆದಿರಬೇಕು ಕಣೋ" ಅಂದೆ. ಅರ್ಧ ನಿಜವಾಯಿತು. ತೇಯಾ ಫಾನ್ ಹಾರ್ಬೂ ಎಂಬಾಕೆ ತನ್ನ ಗಂಡ, ನಿರ್ದೇಶಕ ಫ್ರಿಟ್ಸ್ ಲಾಂಗ್ ಜೊತೆ ಸೇರಿ ಬರೆದ ಚಿತ್ರಕಥೆ ಅದು.

ತೇಯಾ ಹುಟ್ಟಿದ್ದು 1888ರಲ್ಲಿ, ಬವೇರಿಯಾದಲ್ಲಿ. ಮೊದಲು ನಾಟಕದ ನಟಿ, ಆಮೇಲೆ ಕಾದಂಬರಿಗಾರ್ತಿ. ಲಾಂಗ್‌ನನ್ನು ಮದುವೆಯಾದದ್ದು 1922ರಲ್ಲಿ. ಮೊದಲ ಗಂಡ ಕ್ಲೈನ್-ರೋಗ್ಗೆ ನಟ. ಆಮೇಲೂ ಇವರ ಚಿತ್ರಗಳಲ್ಲಿ ಪಾತ್ರ ಮಾಡುತ್ತಲೇ ಇದ್ದನಂತೆ! ನಮ್ಮ ಕಡೆ ಹೀಗಾಗಿದ್ದರೆ ಊರೇ ಮಾತಾಡುತ್ತಿತ್ತು. 1927ರ 'ಮೆಟ್ರೊಪೊಲಿಸ್' ಚಿತ್ರಕ್ಕೆ ಕಾದಂಬರಿಯೂ ಆಕೆಯದೇ, ಚಿತ್ರಕಥೆಯೂ ಆಕೆಯದೇ. ಮೇಲೆ ಶ್ರೀಮಂತರ ನಗರ, ನೆಲದಡಿಯಲ್ಲಿ ಕೂಲಿಕಾರರು, ನಡುವೆ ಒಂದು ಯಂತ್ರದ ಹೆಣ್ಣು. ಆದರೂ ಜನ ಹೇಳುವುದು "ಲಾಂಗ್ ಚಿತ್ರ" ಅಂತಲೇ. ಹಬ್ಬದೂಟ ಉಂಡು ಹೋಗುವವರು "ನಿಮ್ಮ ಯಜಮಾನರ ಏರ್ಪಾಡು ಬಹಳ ಚೆನ್ನಾಗಿತ್ತು" ಅನ್ನುವುದಿಲ್ಲವೇ, ಹಾಗೆ.

ಇಷ್ಟು ಕೇಳಿ ಆಕೆಯ ಮೇಲೆ ನನಗೆ ತುಂಬ ಅಭಿಮಾನ ಬಂತು. ಮುಂದಿನದು ಕೇಳಿ ಇಳಿದೂ ಹೋಯಿತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಲಾಂಗ್‌ನ ತಾಯಿ ಯಹೂದಿ ಮನೆತನದವಳು. ಅವನು ದೇಶ ಬಿಟ್ಟ. ಅದೇ ವರ್ಷ ಇಬ್ಬರಿಗೂ ವಿಚ್ಛೇದನ. ತೇಯಾ ಅಲ್ಲೇ ಉಳಿದು ಚಿತ್ರಕಥೆ ಬರೆಯುತ್ತಾ ಹೋದಳು, ನಾಝಿ ಪಕ್ಷಕ್ಕೂ ಸೇರಿದಳು. ಆ ಖಾಲಿ ತಟ್ಟೆ ಬರೆದ ಕೈಗೆ, ಎಷ್ಟೋ ತಾಯಂದಿರ ಮಕ್ಕಳನ್ನು ಎಳೆದೊಯ್ಯುತ್ತಿದ್ದ ಆಡಳಿತ ಹೇಗೆ ಒಗ್ಗಿತೋ! ಎರಡು ದಿನ ಒಲೆ ಮುಂದೆ ನಿಂತಾಗಲೆಲ್ಲ ಇದೇ ಯೋಚನೆ. ನನಗಂತೂ ಕ್ಷಮಿಸಲು ಮನಸ್ಸು ಬರಲಿಲ್ಲ.

ಬೆಳಗಾವಿ ಕಡೆಯ ಓದುಗರೇ, ಇಲ್ಲಿ ಕೇಳಿ. ಇದೇ ತೇಯಾ ಬರ್ಲಿನ್ನಿನಲ್ಲಿ ಗುಟ್ಟಾಗಿ ಮದುವೆಯಾದದ್ದು ನಿಮ್ಮ ಬೆಳಗುಂದಿಯ ಪತ್ರಕರ್ತ ಆಯಿ ತೆಂಡುಲ್ಕರ್ ಅವರನ್ನು! ಕರಿಯ ಗಂಡ ಅಂದರೆ ಆ ಸರಕಾರಕ್ಕೆ ಸಹಿಸುತ್ತಿರಲಿಲ್ಲ, ಅದಕ್ಕೇ ಗುಟ್ಟು. ಯುದ್ಧದ ಹೊತ್ತಿಗೆ ಅವರು ಊರಿಗೆ ಮರಳಿದರು. 1945ರಲ್ಲಿ ಗಾಂಧೀಜಿಯವರ ಸೇವಾಗ್ರಾಮದಲ್ಲಿ ಇಂದುಮತಿ ಗುಣಾಜಿಯವರೊಂದಿಗೆ ಅವರ ಮದುವೆಯಾಯಿತು. ಈ ಕಥೆಯನ್ನೆಲ್ಲ ಅವರ ಮಗಳೇ ಪುಸ್ತಕವಾಗಿ ಬರೆದಿದ್ದಾರೆ.

ಯುದ್ಧ ಸೋತ ಮೇಲೆ ಬ್ರಿಟಿಷರು ತೇಯಾಳನ್ನು ಕೆಲಕಾಲ ಬಂಧನದಲ್ಲಿಟ್ಟರು. ಬಿಡುಗಡೆಯಾದ ಮೇಲೆ ಬರ್ಲಿನ್ನಿನಲ್ಲಿ ಮುರಿದ ಮನೆಗಳ ಇಟ್ಟಿಗೆ, ಕಲ್ಲು ಹೊತ್ತಳು. 1954ರಲ್ಲಿ, ತಾನು 1921ರಲ್ಲಿ ಬರೆದ ಚಿತ್ರದ ಪ್ರದರ್ಶನಕ್ಕೆ ಅತಿಥಿಯಾಗಿ ಹೋಗಿ, ಹೊರಗೆ ಬರುವಾಗ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಮತ್ತೆ ಏಳಲಿಲ್ಲ.

ಅಕ್ಕನ ಮಗ ಮುಂದಿನ ಸಲ 'ಮೆಟ್ರೊಪೊಲಿಸ್' ತೋರಿಸ್ತೀನಿ ಅಂದಿದ್ದಾನೆ. ಕಳೆದುಹೋಗಿದ್ದ ಭಾಗ 2008ರಲ್ಲಿ ಅರ್ಜೆಂಟೀನಾದಲ್ಲಿ ಸಿಕ್ಕಿ, ಈಗ ಸುಮಾರು ಎರಡೂವರೆ ಗಂಟೆಯ ಚಿತ್ರವಂತೆ. ಆ ರಾತ್ರಿ ನಮ್ಮನೆಯಲ್ಲಿ ಉಪ್ಪಿಟ್ಟೇ ಗತಿ.