ಟಿಕೆಟ್ ಹರಿಯೋದೂ ಒಂದು ವಿದ್ಯೆ

ಪಾಂಡವಪುರದ ಸೋದರಿಯೊಬ್ಬರು ಹೀಗೆ ಬರೆದಿದ್ದಾರೆ: “ಮಗಳು ಬಿ.ಕಾಂ. ಮುಗಿಸಿದ್ದಾಳೆ. ಬೆಂಗಳೂರಿನಲ್ಲಿ ಫುಟ್‌ಬಾಲ್ ತಂಡವೊಂದರ ಟಿಕೆಟ್ ಮಾರಾಟ ವಿಭಾಗದಿಂದ ಕೆಲಸಕ್ಕೆ ಕರೆ ಬಂದಿದೆ. ಮುಂದೆ ಆ ವಿಭಾಗದ ಡೈರೆಕ್ಟರೇ ಆಗಬಹುದು ಅಂತಾಳೆ. ನಮ್ಮ ಭಾವನವರು ಮಾತ್ರ, ‘ಇಷ್ಟು ಓದಿಸಿ ಟಿಕೆಟ್ ಹರಿಯೋಕೆ ಕಳಿಸ್ತೀರಾ? ನಾಳೆ ಗಂಡಿನ ಕಡೆಯವರಿಗೆ ಏನು ಹೇಳ್ತೀರಿ?’ ಅಂತ ಕೇಳ್ತಾರೆ. ಏನು ಮಾಡಲಿ?”

ಸೋದರೀ, ಗಂಡಿನ ಕಡೆಯವರ ಮಾತು ಆಮೇಲಿರಲಿ. ಮೊದಲು ಆ ಕೆಲಸ ಎಂಥದ್ದೆಂದು ತಿಳಿದುಕೊಳ್ಳೋಣ.

ಟಿಕೆಟ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಟೆಂಟಿನ ಬಾಗಿಲಲ್ಲಿ ಕೂತು ಚೀಟಿ ಹರಿದುಕೊಡುವವನು. ಫುಟ್‌ಬಾಲ್ ತಂಡದಲ್ಲಿ ಹಾಗಲ್ಲ. ಈಗ ಹೆಚ್ಚಿನ ಟಿಕೆಟ್ ಮಾರಾಟವಾಗುವುದು ಫೋನಿನಲ್ಲೇ. ಈ ವಿಭಾಗದ ಮುಖ್ಯಸ್ಥರ ಕೆಲಸ ಪಂದ್ಯಕ್ಕೆ ತಿಂಗಳುಗಟ್ಟಲೆ ಮುಂಚೆಯೇ ಶುರುವಾಗುತ್ತದೆ. ಯಾವ ಗ್ಯಾಲರಿಗೆ ಎಷ್ಟು ದರ ಇಡಬೇಕು? ಇಡೀ ವರ್ಷದ ಪಂದ್ಯಗಳಿಗೆ ಒಟ್ಟಿಗೆ ಟಿಕೆಟ್ ಕೊಳ್ಳುವವರು ಯಾರು? ಹೋದ ವರ್ಷ ಕೊಂಡವರು ಈ ವರ್ಷ ಯಾಕೆ ಸುಮ್ಮನಿದ್ದಾರೆ? ಶಾಲೆಯ ಮಕ್ಕಳನ್ನು, ಕಾರ್ಖಾನೆಯ ನೌಕರರನ್ನು ಗುಂಪಾಗಿ ಕರೆತರುವುದು ಹೇಗೆ? ಇದೆಲ್ಲದರ ಲೆಕ್ಕ ಅವರ ತಲೆಯಲ್ಲಿರಬೇಕು.

ಯಾಕೆಂದರೆ ಖಾಲಿ ಕುರ್ಚಿ ಮಲ್ಲಿಗೆ ಹೂವಿದ್ದಂತೆ. ಸಂಜೆಯೊಳಗೆ ಮಾರಬೇಕು, ನಾಳೆಗೆ ಇಡುವ ಹಾಗಿಲ್ಲ! ಆಟ ಮುಗಿದ ಮೇಲೆ ಆ ಕುರ್ಚಿಗೆ ಕಾಸೂ ಹುಟ್ಟದು.

ಒಳ್ಳೆಯ ಆಟಗಾರರಿದ್ದರೆ ಜನ ತಾವಾಗಿಯೇ ಬರುತ್ತಾರೆ ಅಂತೀರಾ? ಬರುವುದಿಲ್ಲ. 2018ರ ಜೂನ್ 1ರಂದು ಮುಂಬಯಿಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0 ಗೋಲುಗಳಿಂದ ಸೋಲಿಸಿತು. ಅದನ್ನು ನೋಡಲು ಬಂದಿದ್ದವರು 2,569 ಮಂದಿ! ಮಾರನೇ ದಿನ ನಾಯಕ ಸುನಿಲ್ ಛೆಟ್ರಿ ಕೈಮುಗಿದು, ‘ಬೈಯುವುದಿದ್ದರೂ ಕ್ರೀಡಾಂಗಣಕ್ಕೇ ಬಂದು ಬೈಯಿರಿ’ ಎಂಬರ್ಥದಲ್ಲಿ ಜನರನ್ನು ಬೇಡಿಕೊಂಡರು. ಜೂನ್ 4ರ ಕೀನ್ಯಾ ವಿರುದ್ಧದ ಪಂದ್ಯಕ್ಕೆ ಟಿಕೆಟ್ಟೆಲ್ಲ ಖರ್ಚಾದವು. ಆಗ ಛೆಟ್ರಿ ನಮ್ಮ ಬೆಂಗಳೂರು ಎಫ್.ಸಿ. ತಂಡದ ನಾಯಕರೂ ಹೌದು. ಅಷ್ಟು ದೊಡ್ಡ ಆಟಗಾರನೇ ಜನರನ್ನು ಕರೆಯಬೇಕಾಯಿತು. ಹಾಗೆ ಕರೆಯುವುದನ್ನೇ ದಿನದ ಕೆಲಸ ಮಾಡಿಕೊಂಡವರು ಟಿಕೆಟ್ ವಿಭಾಗದವರು.

ಕರೆಯುವುದಷ್ಟೇ ಸಾಲದು, ಸಾಕು ಎನ್ನುವುದೂ ಗೊತ್ತಿರಬೇಕು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವಕ್ಕೆ ಸೇರಿದ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಒಳಗೆ ಹಿಡಿಸುವುದು ಸುಮಾರು 35 ಸಾವಿರ, ಬಂದವರು ಲಕ್ಷಗಟ್ಟಲೆ. ಎಷ್ಟು ಜನಕ್ಕೆ ಜಾಗವಿದೆ, ಯಾರು ಯಾವ ಬಾಗಿಲಿಂದ ಬರಬೇಕು ಎಂಬುದನ್ನು ಮುಂಚೆಯೇ ತಿಳಿಸುವ ಕಾಗದದ ಚೂರೇ ಟಿಕೆಟ್ಟು. ಅದರ ಲೆಕ್ಕ ನೋಡುವ ಕೆಲಸವನ್ನು ಹಗುರವಾಗಿ ಕಾಣಬಾರದು.

ಇಂಥ ಕೆಲಸಕ್ಕೆ ಯಾವ ಸ್ವಭಾವದವರು ಬೇಕು? ಬರೀ ಮಾತುಗಾರಿಕೆ ಸಾಕಾಗದು. ಹತ್ತು ಜನರಲ್ಲಿ ಒಂಬತ್ತು ಜನ ‘ಬೇಡಮ್ಮಾ’ ಅಂದರೂ ಮುಖ ಬಾಡಬಾರದು. ಹೆಸರು, ಮುಖ ನೆನಪಿರಬೇಕು. ಪೈಸೆ ಪೈಸೆಗೆ ಲೆಕ್ಕ ಕೊಡಬೇಕು. ತಂಡ ಸೋತ ಮರುದಿನ ಸಿಡುಕುವ ಗಿರಾಕಿಯ ಮಾತನ್ನು ಸಮಾಧಾನದಿಂದ ಕೇಳಬೇಕು. ಮದುವೆ ಮನೆಯಲ್ಲಿ ನೂರೆಂಟು ಜನರನ್ನು ಸಂಭಾಳಿಸಿ, ಒಬ್ಬರೂ ಮುನಿಸಿಕೊಳ್ಳದಂತೆ ಊಟಕ್ಕೆ ಕೂರಿಸುವ ಹೆಂಗಸರಿಗೆ ಇದೇನು ಹೊಸದೇ?

ಹೆಣ್ಣುಮಕ್ಕಳು ಈ ದಾರಿಯಲ್ಲಿ ಮೇಲೆ ಬಂದಿಲ್ಲವೆಂದೂ ಅಲ್ಲ. ಇಂಗ್ಲೆಂಡಿನ ಕ್ಯಾರನ್ ಬ್ರೇಡಿ ಚಿಕ್ಕ ವಯಸ್ಸಿನಲ್ಲಿ ರೇಡಿಯೋ ಕೇಂದ್ರಕ್ಕೆ ಜಾಹೀರಾತು ಮಾರುತ್ತಿದ್ದಾಕೆ. 1993ರಲ್ಲಿ, 23ನೇ ವಯಸ್ಸಿಗೆ, ದಿವಾಳಿಯ ಅಂಚಿಗೆ ಬಂದಿದ್ದ ಬರ್ಮಿಂಗ್‌ಹ್ಯಾಮ್ ಸಿಟಿ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜಿಂಗ್ ಡೈರೆಕ್ಟರ್ ಆದರು. ನಾಲ್ಕೇ ವರ್ಷದಲ್ಲಿ, 1997ರಲ್ಲಿ, ಆ ಕ್ಲಬ್ಬಿನ ಷೇರುಗಳು ಮಾರುಕಟ್ಟೆಗೆ ಬಂದವು.

ಅಷ್ಟು ದೂರ ಯಾಕೆ? 1958ರಲ್ಲಿ ಆರ್. ನಾಗರತ್ನಮ್ಮನವರು ಬರೀ ಹೆಂಗಸರನ್ನೇ ಸೇರಿಸಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಕಂಸ, ರಾವಣನಂಥ ಗಂಡು ಪಾತ್ರಗಳನ್ನು ತಾವೇ ಮಾಡಿದರು. ನಾಟಕದ ಹೆಂಗಸರೆಂದರೆ ಜನ ಮೂಗು ಮುರಿಯುತ್ತಿದ್ದ ಕಾಲ ಅದು. 2012ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ನೆಲ, ಬೆಂಚು, ಕುರ್ಚಿ ಅಂತ ಟಿಕೆಟ್ ಕೊಂಡು ನಾಟಕ ನೋಡಿದ ಹಿರಿಯರು ನಿಮ್ಮ ಮನೆಯಲ್ಲೂ ಇದ್ದಾರು. ಬಣ್ಣ ಹಚ್ಚಿದವರ ಮನೆಯ ಒಲೆ ಉರಿಯುತ್ತಿದ್ದುದು ಆ ಟಿಕೆಟ್ಟಿನ ಕಾಸಿನಿಂದಲೇ ಅಲ್ಲವೇ?

ಇಷ್ಟು ಹೇಳಿ ಕಷ್ಟವನ್ನು ಮುಚ್ಚಿಡಲಾರೆ. ಈ ಕೆಲಸ ಸರ್ಕಾರಿ ನೌಕರಿಯಂತೆ ಗಟ್ಟಿಯಲ್ಲ. 2025ರಲ್ಲಿ ದೇಶದ ದೊಡ್ಡ ಫುಟ್‌ಬಾಲ್ ಪಂದ್ಯಾವಳಿಯಾದ ಇಂಡಿಯನ್ ಸೂಪರ್ ಲೀಗ್, ಒಪ್ಪಂದದ ತಕರಾರಿನಿಂದ ಎಂದಿನ ಕಾಲಕ್ಕೆ ಶುರುವಾಗಲಿಲ್ಲ. ಆಡಿದ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, 2018-19ರಲ್ಲಿ ಸೂಪರ್ ಲೀಗನ್ನೂ ಗೆದ್ದ ಬೆಂಗಳೂರು ಎಫ್.ಸಿ.ಯೇ ಆಗಸ್ಟ್‌ನಲ್ಲಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಬೇಕಾಯಿತು. ಆಟವಿಲ್ಲದಿದ್ದರೆ ಟಿಕೆಟ್ಟೆಲ್ಲಿ, ಟಿಕೆಟ್ ಮಾರುವವರಿಗೆ ಕೆಲಸವೆಲ್ಲಿ?

ಆದ್ದರಿಂದ ಭಾವನವರ ಪ್ರಶ್ನೆ ಬಿಡಿ, ಮಗಳನ್ನು ಕೂರಿಸಿಕೊಂಡು ಈ ಪ್ರಶ್ನೆಗಳನ್ನು ಕೇಳಿ. ನೇಮಕದ ಪತ್ರ ಬರವಣಿಗೆಯಲ್ಲಿದೆಯೇ? ತಿಂಗಳಿಗೆ ಖಚಿತವಾದ ಸಂಬಳವೆಷ್ಟು, ಮಾರಿದಷ್ಟಕ್ಕೆ ಕೊಡುವ ಕಮಿಷನ್ ಎಷ್ಟು? ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಸಂಬಳ ಉಂಟೇ? ಪ್ರಾವಿಡೆಂಟ್ ಫಂಡ್ ಕಟ್ಟುತ್ತಾರೆಯೇ? ಪಂದ್ಯ ಮುಗಿಯುವುದು ರಾತ್ರಿ. ಹಾಸ್ಟೆಲ್ಲಿಗೆ ಬಿಡಲು ವಾಹನವಿದೆಯೇ? ಆ ವಿಭಾಗದಲ್ಲಿ ಬೇರೆ ಹೆಣ್ಣುಮಕ್ಕಳಿದ್ದಾರೆಯೇ?

ಈ ಉತ್ತರಗಳು ಸರಿಯಿದ್ದರೆ ಧೈರ್ಯವಾಗಿ ಕಳಿಸಿ. ಒಂದೆರಡು ವರ್ಷ ದುಡಿದು, ಗಿರಾಕಿಯನ್ನು ಮಾತಾಡಿಸುವುದು, ದರ ಕಟ್ಟುವುದು, ಲೆಕ್ಕ ಒಪ್ಪಿಸುವುದು ಕಲಿತ ಹುಡುಗಿಗೆ ಆ ತಂಡವಲ್ಲದಿದ್ದರೆ ಇನ್ನೊಂದು ಕಡೆ ಅನ್ನ ಹುಟ್ಟುತ್ತದೆ. ಮೊದಲ ಆರು ತಿಂಗಳ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಅವಳ ಹೆಸರಿನಲ್ಲೇ ಬ್ಯಾಂಕಿನಲ್ಲಿಡಲು ಹೇಳಿ. ಪಂದ್ಯಗಳಿಲ್ಲದ ತಿಂಗಳಿಗೆ ಅದು ಕೈಹಿಡಿಯುತ್ತದೆ.

ಗಂಡಿನ ಕಡೆಯವರು ಕೇಳಿದರೆ, ಅವಳ ಕೆಲಸ ಏನೆಂದು ಅವಳೇ ಹೇಳಲಿ. ಹತ್ತು ಜನರಿಗೆ ಟಿಕೆಟ್ ಮಾರಬಲ್ಲವಳಿಗೆ ಅಷ್ಟು ಮಾತು ಬಾರದೇ?