ಬೆನ್ನುನೋವು ಬೆನ್ನಿನಲ್ಲಷ್ಟೇ ಇಲ್ಲ

ಮುಂಬಯಿಯ ನಮ್ಮ ಕನ್ನಡಿಗರಲ್ಲಿ ಬಹುಮಂದಿ ಕುರ್ಚಿಯನ್ನು ನಂಬಿ ಬದುಕುವವರು. ಕಡತ, ಕಂಪ್ಯೂಟರು, ಲೋಕಲ್ ಗಾಡಿ, ಈ ಮೂರರ ನಡುವೆ ದಿನ ಕಳೆಯುವ ನಮಗೆ ಬೆನ್ನುನೋವು ಹೊಸ ನೆಂಟನೇನೂ ಅಲ್ಲ. ಇಬ್ಬರು ಗುಮಾಸ್ತರು ಸೇರಿದರೆ ಮೊದಲು ತುಟ್ಟಿಭತ್ಯೆಯ ಮಾತು, ಆಮೇಲೆ ಬೆನ್ನಿನ ಮಾತು. 2020ರಲ್ಲಿ ಜಗತ್ತಿನ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಸೊಂಟನೋವಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಆದ್ದರಿಂದ ನಾವು ಒಂಟಿಯಲ್ಲ.

ನೋವು ಬಂದೊಡನೆ ನಾವು ಮಾಡುವ ಕೆಲಸ ಎರಡು. ಮೊದಲನೆಯದು ಹಾಸಿಗೆ ಹಿಡಿಯುವುದು. ಹಿರಿಯರೂ ಹಾಗೆಯೇ ಹೇಳುತ್ತಿದ್ದರು, ಡಾಕ್ಟರರೂ ಹೇಳುತ್ತಿದ್ದರು. ಆದರೆ 1986ರಲ್ಲಿ ಅಮೆರಿಕದಲ್ಲಿ ಸುಮಾರು 200 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿ ನೋಡಿದರು. ಗುಣದಲ್ಲಿ ಭೇದ ಕಾಣಲಿಲ್ಲ. ಎರಡು ದಿನದವರು ಮಾತ್ರ ಬೇಗ ಕೆಲಸಕ್ಕೆ ಮರಳಿದರು.

ಎರಡನೆಯದು ಎಂ.ಆರ್.ಐ. ತೆಗೆಸುವುದು. ವರದಿಯಲ್ಲಿ ‘ಡಿಸ್ಕು ಸವೆದಿದೆ’ ಎಂದು ಕಂಡರೆ ಮುಗಿಯಿತು, ಮನೆಮಂದಿಯ ಎದೆಯೂ ಸವೆಯುತ್ತದೆ. ಹಲವು ಅಧ್ಯಯನಗಳನ್ನು ಕೂಡಿಸಿ 2015ರಲ್ಲಿ ಪ್ರಕಟವಾದ ಲೆಕ್ಕ ಇಲ್ಲಿ ಕೇಳತಕ್ಕದ್ದು: ನೋವೇ ಇಲ್ಲದವರನ್ನು ಪರೀಕ್ಷಿಸಿದಾಗಲೂ 20ರ ವಯಸ್ಸಿನಲ್ಲಿ ಶೇಕಡಾ 37, 80ರಲ್ಲಿ ಶೇಕಡಾ 96 ಮಂದಿಯ ಡಿಸ್ಕು ಸವೆದಿತ್ತು. ಅಂದರೆ ತಲೆ ನರೆಯುವಂತೆ ಅದೂ ಒಂದು.

ಹಾಗಾದರೆ ತಿಂಗಳುಗಟ್ಟಲೆ ಕಾಡುವ ನೋವಿಗೆ ಕಾರಣವೇನು? ರೋಗವನ್ನು ದೇಹ, ಮನಸ್ಸು, ಸಮಾಜ ಮೂರನ್ನೂ ಸೇರಿಸಿ ನೋಡಬೇಕೆಂದು ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ವಾದಿಸಿದರು. ಸ್ಕಾಟ್ಲೆಂಡಿನ ಮೂಳೆ ಶಸ್ತ್ರವೈದ್ಯ ಗಾರ್ಡನ್ ವಾಡೆಲ್ 1987ರಲ್ಲಿ ಆ ದೃಷ್ಟಿಯನ್ನು ಸೊಂಟನೋವಿಗೆ ಅನ್ವಯಿಸಿದರು. ಬಗ್ಗಿದರೆ ಬೆನ್ನು ಮುರಿದೀತೆಂಬ ಹೆದರಿಕೆ. ಹೆದರಿಕೆಯಿಂದ ಸ್ನಾಯು ಬಿಗಿಯುವುದು. ಚಲನೆ ತಪ್ಪಿ ಶಕ್ತಿ ಕುಂದುವುದು. ಕುಂದಿದ ಮೈಗೆ ಸಣ್ಣ ಕೆಲಸವೂ ನೋವು. ಇದು ಗಾಣದೆತ್ತಿನ ಸುತ್ತು. ಇದರ ಜೊತೆಗೆ ನಿದ್ದೆಗೇಡು, ವರ್ಗಾವಣೆಯ ಚಿಂತೆ, ಒಂದೇ ಕೋಣೆಯ ಸಂಸಾರ, ಮೇಲಧಿಕಾರಿಯ ಹುಬ್ಬುಗಂಟು. ಬೋಯಿಂಗ್ ವಿಮಾನ ಕಾರ್ಖಾನೆಯ ಕೆಲಸಗಾರರ ಮೇಲೆ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸ ಹಿಡಿಸದವರು ಕೆಲಸ ಮೆಚ್ಚಿದವರಿಗಿಂತ ಎರಡೂವರೆ ಪಟ್ಟು ಹೆಚ್ಚಾಗಿ ಬೆನ್ನುನೋವಿನ ದೂರು ಕೊಟ್ಟಿದ್ದರು.

‘ಹಾಗಾದರೆ ಇದೆಲ್ಲ ಬರಿಯ ಮನಸ್ಸಿನ ಭ್ರಮೆ’ ಎಂದು ಯಾರೂ ನಗಬಾರದು. ನೋವು ನಿಜ, ಅನುಭವಿಸುವವನ ಕಷ್ಟವೂ ನಿಜ. ರಜೆಗೆ ಅರ್ಜಿ ಕೊಟ್ಟವನನ್ನು ‘ನಾಟಕ’ವೆಂದು ಹೀಯಾಳಿಸುವ ಕಚೇರಿ ಅವನ ನೋವಿಗೆ ತನ್ನ ಪಾಲನ್ನೂ ಸೇರಿಸುತ್ತದೆ, ಅಷ್ಟೆ.

ಈ ದಾರಿ ಹಿಡಿದ ಫಿಜಿಯೋಥೆರಪಿಯವರು ಬೆನ್ನನ್ನು ಒತ್ತಿ ನೋಡುವ ಮೊದಲು ರೋಗಿಯ ಕಥೆ ಕೇಳುತ್ತಾರೆ. ಯಾವ ಕೆಲಸಕ್ಕೆ ಹೆದರಿಕೆಯೋ ಅದನ್ನೇ, ಬಕೆಟ್ ಎತ್ತುವುದಿರಲಿ, ಮಗುವನ್ನು ಎತ್ತುವುದಿರಲಿ, ಉಸಿರು ಸಡಿಲಿಸಿ ಸ್ವಲ್ಪಸ್ವಲ್ಪವಾಗಿ ಮಾಡಿಸುತ್ತಾರೆ. ನಡಿಗೆ, ನಿದ್ದೆ, ಕೆಲಸಕ್ಕೆ ಮರಳುವುದು ಎಲ್ಲಕ್ಕೂ ಕ್ರಮ ಹಾಕಿಕೊಡುತ್ತಾರೆ. ಆಸ್ಟ್ರೇಲಿಯಾದಲ್ಲಿ 492 ಮಂದಿಯ ಮೇಲೆ ಇಂಥ ಚಿಕಿತ್ಸೆಯನ್ನು ಪರೀಕ್ಷಿಸಿ 2023ರಲ್ಲಿ ಫಲ ಪ್ರಕಟಿಸಿದರು. 12 ವಾರದಲ್ಲಿ ಹೆಚ್ಚೆಂದರೆ ಏಳು ಭೇಟಿ, ಆಮೇಲೆ ಇನ್ನೊಂದು. ಅದರ ಗುಣ ವರ್ಷದ ಕೊನೆಗೂ ಉಳಿದಿತ್ತು.

ಒಂದು ಎಚ್ಚರಿಕೆ. ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ಕಾಲಿನ ಬಲ ಕುಗ್ಗಿದರೆ, ನೋವಿನೊಡನೆ ಜ್ವರ ಬಂದರೆ, ಕಾರಣವಿಲ್ಲದೆ ಮೈ ಇಳಿದರೆ, ಬಿದ್ದು ಪೆಟ್ಟಾಗಿದ್ದರೆ ತಡಮಾಡದೆ ಡಾಕ್ಟರರಲ್ಲಿಗೆ ಹೋಗತಕ್ಕದ್ದು.

ಉಳಿದವರ ಮನೆಯವರಿಗೆ ನನ್ನ ಬಿನ್ನಹ ಇಷ್ಟೆ: ‘ಏಳಬೇಡಿ, ಬಗ್ಗಬೇಡಿ’ ಎನ್ನುವುದಕ್ಕೆ ಮುಂಚೆ ‘ರಾತ್ರಿ ನಿದ್ದೆ ಬಂತೇ? ಆಫೀಸಿನಲ್ಲಿ ಏನಾಯಿತು?’ ಎಂದು ಕೇಳಿ. ಸಂಜೆ ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆಯಿರಿ. ನಡೆಯುತ್ತ ಸಂಘದ ಸಭೆಗೂ ಬನ್ನಿ. ಕುರ್ಚಿ ಸಿಗದಿದ್ದರೆ ಬೇಸರ ಬೇಡ. ಸ್ವಲ್ಪ ಹೊತ್ತು ನಿಂತು ಭಾಷಣ ಕೇಳಿದರೆ ಬೆನ್ನಿಗೇನೂ ನಷ್ಟವಿಲ್ಲ.